ವಿಜ್ಞಾನದ ಕಾಂಜಿ ಕಲಿಸೂದು ಹೇಗೆ? ‘ಸನ್‌ಸೊ’ ಹತ್ರವೇ ಗಾಡಿ ನಿಂತಿದೆ

ಕೋಡಿಬಾಗದ ಅಕ್ಕೋರು:

ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆಯ ಮಾಳಿಗೆ ಮೇಲೆ ಸಂಜೆ ಆರರಿಂದ ಜಪಾನಿ ಭಾಷೆ ಕಲಿಸ್ತೇನೆ, ಅದರ ‘ಕಾಂಜಿ’ ಸಮೇತ. ಕಾಂಜಿ ಅಂದರೆ ಚೀನಾದಿಂದ ಬಂದ, ಒಂದೊಂದಕ್ಕೂ ಅರ್ಥ ಇರುವ ಅಕ್ಷರ. ಬೆಂಗಳೂರಿನ ಒಂದು ಕಂಪನಿಯಲ್ಲಿ ಒಂಬತ್ತು ವರ್ಷ ಜಪಾನಿ ತಾಂತ್ರಿಕ ಕಾಗದಪತ್ರ ಅನುವಾದ ಮಾಡಿದವಳು. ಅಮ್ಮನಿಗೆ ಹುಷಾರಿಲ್ಲ ಅಂತ ಊರಿಗೆ ಬಂದೆ, ಬಂದವಳು ಇಲ್ಲೇ ಉಳಿದೆ. ಅಮ್ಮನ ಲೆಕ್ಕದಲ್ಲಿ ನಾನು ಕಲಿಸೂದು ‘ಗಂಜಿ’. “ಗಂಜಿ ಕಲೀಲಿಕ್ಕೂ ಫೀಸು ಕೊಡ್ತಾರಾ?” ಅಂತ ಪಕ್ಕದ ಮನೆಯವರ ಹತ್ರ ಕೇಳಿದ್ದಾಳೆ.

ಕೆಲವರ ಫೋನಿನಲ್ಲಿ ಕಾಂಜಿ ಅಕ್ಷರ ಬರೀ ಚೌಕ ಚೌಕ ಕಾಣ್ತದೆ. ಹಾಗಾಗಿ ಉಚ್ಚಾರ ಕನ್ನಡದಲ್ಲೇ ಬರೀತೇನೆ, ಅಕ್ಷರದ ರೂಪ ಬಾಯಲ್ಲಿ ಹೇಳ್ತೇನೆ. ಹೊಂದಿಸಿಕೊಳ್ಳಿ.

ಈಗ ಮೂರು ಜನ ಬರ್ತಾರೆ. ಒಬ್ಬಳು ಕಡಲ ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಜಪಾನಿಗೆ ಸಂಶೋಧನೆಗೆ ಹೋಗುವ ತಯಾರಿಯಲ್ಲಿರುವವಳು. ಮನೆಮಾತು ಕೊಂಕಣಿ, ಬಾಲವಾಡಿಯಿಂದಲೇ ಇಂಗ್ಲಿಷ್ ಮೀಡಿಯಂ. ಇನ್ನೊಬ್ಬ ಅಂಕೋಲೆ ಕಡೆಯವ, ಹತ್ತನೇತ್ತೆಯವರೆಗೆ ಕನ್ನಡ ಶಾಲೆ, ಆಮೇಲೆ ಕೆಮಿಸ್ಟ್ರಿ ಬಿ.ಎಸ್ಸಿ. ಮೂರನೆಯವ ಮಲ್ಲಾಪುರದ ಕೈಗಾ ಟೌನ್‌ಶಿಪ್ಪಿನವ, ಮೆಕ್ಯಾನಿಕಲ್ ಡಿಪ್ಲೊಮಾ. ಮೂವರೂ ಜಪಾನಿ ಭಾಷೆಯ ಎನ್ 4 ಪರೀಕ್ಷೆ (ಕೆಳಗಿಂದ ಎರಡನೇ ಮೆಟ್ಟಿಲು) ದಾಟಿದ್ದಾರೆ. ಸೂರ್ಯ, ಮರ, ಮಳೆ, ರೈಲು, ಆಸ್ಪತ್ರೆ ಅಂತ ಮುನ್ನೂರು ಚಿಲ್ಲರೆ ಅಕ್ಷರ ಗೊತ್ತು. ಆದರೆ ಇವರಿಗೆ ಬೇಕಾದ್ದು ಪ್ರಯೋಗಾಲಯದ ಗೋಡೆ ಮೇಲಿನದು, ಯಂತ್ರದ ಮೈಮೇಲಿನದು ಓದ್ಲಿಕ್ಕೆ. ಜಪಾನ್ ಸರಕಾರದ ನಿತ್ಯಬಳಕೆಯ ಪಟ್ಟಿಯಲ್ಲೇ 2136 ಅಕ್ಷರ. ಅದನ್ನು ಸಾಲಾಗಿ ಮುಗಿಸಿ ಆಮೇಲೆ ವಿಜ್ಞಾನ ಅಂತ ಕೂತರೆ ಇವರಿಗೆ ಮದುವೆಯಾಗಿ ಮಕ್ಕಳಾಗ್ತವೆ.

ಮೊದಲನೇ ಸಲ ನಾನು ಮಾಡಿದ್ದು, ಕೆಲಸದ ಕಾಲದಲ್ಲಿ ಮಾಡಿಟ್ಟ ನನ್ನ ಶಬ್ದಪಟ್ಟಿ ಹಂಚಿದ್ದು. ನಾನೂರು ಶಬ್ದ, ದಿನಕ್ಕೆ ಇಪ್ಪತ್ತು. ಒಂಬತ್ತನೇ ದಿನ ಕೇಳಿದರೆ ಮೊದಲ ದಿನದ್ದು ಪೂರ್ತಿ ಖಾಲಿ. ಆಮೇಲೆ ಇಂಗ್ಲಿಷಿನ ನೆನಪಿನ ಚೀಟಿ ತಂದೆ. ‘ಮರದ ಕೆಳಗೆ ಟೊಪ್ಪಿ ಹಾಕಿದ ಮುದುಕ’ ಅಂತ ಪ್ರತಿ ಅಕ್ಷರಕ್ಕೆ ಒಂದು ಕಥೆ ಇರ್ತದಲ್ಲ, ಅದು. ಮುದುಕ ನೆನಪಿರ್ತಾನೆ, ಅರ್ಥ ನೆನಪಿರೂದಿಲ್ಲ.

ಕಡಲ ಹುಡುಗಿಯಂತೂ ಅಂತರ್ಜಾಲದಿಂದ ನಲವತ್ತು ಮೀನಿನ ಕಾಂಜಿ ಇಳಿಸಿಕೊಂಡು ಎರಡು ವಾರ ಉರು ಹೊಡೆದಳು. ‘ಸಬಾ’ ಅಂದರೆ ಬಂಗಡೆ, ಮೀನಿನ ಚಿಹ್ನೆ ಪಕ್ಕ ನೀಲಿ. ‘ಇವಾಶಿ’ ಅಂದರೆ ತಾರ್ಲೆ, ಮೀನಿನ ಪಕ್ಕ ‘ದುರ್ಬಲ’ (ಬುಟ್ಟಿಯಲ್ಲಿ ಬೇಗ ಮೆತ್ತಗಾಗೂದು ತಾರ್ಲೆಯೇ ಅಲ್ಲವಾ, ಚೆನ್ನಾಗೇ ಇದೆ). ಆಮೇಲೆ ಪ್ರಬಂಧ ತೆರೆದರೆ ಮೀನಿನ ಹೆಸರೆಲ್ಲ ಕತಕನಾದಲ್ಲಿ, ಅಂದರೆ ಬರೀ ಸದ್ದು ಬರೆಯುವ ಜಪಾನಿ ಲಿಪಿಯಲ್ಲಿ! ವಿಜ್ಞಾನದ ಬರವಣಿಗೆಯಲ್ಲಿ ಪ್ರಾಣಿ, ಸಸ್ಯದ ಹೆಸರು ಕತಕನಾದಲ್ಲೇ ಬರೆಯೂದು ರೂಢಿ. ಮೀನಿನ ಕಾಂಜಿ ಏನಿದ್ದರೂ ಸುಶಿ ಅಂಗಡಿಯ ಚಹಾ ಲೋಟದ ಮೇಲೆ. ನಾನು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ.

ಕಳೆದ ತಿಂಗಳು ಅವಳಿಗೆ ವಿಡಿಯೊದಲ್ಲಿ ಸಂದರ್ಶನ. ಪ್ರೊಫೆಸರು “ಪ್ರಯೋಗದಲ್ಲಿ ಸನ್‌ಕ ಮಾಡ್ತೀರಾ?” ಅಂತ ಕೇಳಿದರು. ಭಾಗವಹಿಸ್ತೀರಾ ಅಂತ. ಇವಳ ತಲೆಯಲ್ಲಿ ಹಿಂದಿನ ರಾತ್ರಿ ಓದಿದ ಇನ್ನೊಂದು ‘ಸನ್‌ಕ’, ಆಕ್ಸಿಡೇಶನ್. ಎರಡು ನಿಮಿಷ ಕಬ್ಬಿಣಕ್ಕೆ ತುಕ್ಕು ಹಿಡಿಯೂದರ ಬಗ್ಗೆ ಹೇಳಿದಳಂತೆ. ಅವರು ತಾಳ್ಮೆಯಿಂದ ಕೇಳಿದರಂತೆ.

ಒಂದು ಮಾತ್ರ ನನಗೆ ಬಗೆಹರಿಯದ್ದು. ಅಂಕೋಲೆ ಹುಡುಗ ಮೂವರಲ್ಲಿ ಇಂಗ್ಲಿಷಿನಲ್ಲಿ ಹಿಂದೆ. ಆದರೆ ಮೊನ್ನೆ ಹಲಗೆ ಮೇಲೆ ‘ಕೋಗೋಸೇ’ ಬರೆದು, “ಬೆಳಕು, ಕೂಡಿಸು, ಆಗು” ಅಂತ ಮೂರು ಅಕ್ಷರ ಬಿಡಿಸುವಷ್ಟರಲ್ಲಿ “ದ್ಯುತಿಸಂಶ್ಲೇಷಣೆ ಅಲ್ದಾ ಅಕ್ಕೋರೆ” ಅಂದ (ಫೋಟೊಸಿಂಥೆಸಿಸ್). ಉಳಿದಿಬ್ಬರು ಇನ್ನೂ ಮುದುಕನನ್ನೇ ಹುಡುಕ್ತಾ ಇದ್ದರು. ಇದು ಅವನೊಬ್ಬನ ಚುರುಕೋ, ಅಥವಾ ಇದರಲ್ಲಿ ಎಂತಾದರೂ ದಾರಿ ಇದೆಯೋ? ಬಿಡಿ ಅಕ್ಷರದಿಂದ ಹೋಗಬೇಕೋ, ಇಡೀ ಶಬ್ದದಿಂದಲೋ? ಎಲ್ಲಿಂದ ಶುರು ಮಾಡೂದು? ಈ ವಾರ ಮೂಲವಸ್ತುಗಳ ಪಾಠ, ‘ಸನ್‌ಸೊ’ ಅಂದರೆ ಆಕ್ಸಿಜನ್. ಅಲ್ಲೇ ನಿಂತಿದ್ದೇವೆ.

ಕುಮಟೆಯ ಹಳೇ ಮಾಸ್ತರ:

ಅಕ್ಕೋರೇ, ನನಗೆ ಜಪಾನಿ ಒಂದಕ್ಷರ ಬಾರದು. ಕುಮಟೆ ತಾಲೂಕಿನಲ್ಲಿ 31 ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತನಾದವನು. ಆದ್ದರಿಂದ ಉತ್ತರ ಕೊಡುವುದಿಲ್ಲ, ಪ್ರಶ್ನೆ ಕೇಳುತ್ತೇನೆ. ಆ ಸನ್‌ಸೊ ಎಂಬುದರಲ್ಲಿ ಎಷ್ಟು ಅಕ್ಷರಗಳಿವೆ? ಒಂದೊಂದರ ಅರ್ಥವೇನು? ಹೈಡ್ರೋಜನ್, ನೈಟ್ರೋಜನ್, ಕಾರ್ಬನ್ನುಗಳಿಗೂ ಹಾಗೇ ಬಿಡಿಸಿ ಬರೆಯಿರಿ. ಇಂಗ್ಲಿಷ್ ಬೇಡ.

ಕೋಡಿಬಾಗದ ಅಕ್ಕೋರು:

ಮಾಸ್ತರೇ, ನಾಲ್ಕಕ್ಕೂ ಎರಡೆರಡು ಅಕ್ಷರ. ಕೊನೆಯ ‘ಸೊ’ ಎಲ್ಲದರಲ್ಲೂ ಒಂದೇ. ಮೂಲ, ಮೂಲವಸ್ತು ಅಂತ ಅರ್ಥ.

ಸುಯ್‌ಸೊ, ಹೈಡ್ರೋಜನ್: ನೀರು, ಮೂಲ.
ತನ್‌ಸೊ, ಕಾರ್ಬನ್: ಇದ್ದಿಲು, ಮೂಲ.
ಚಿಸ್ಸೊ, ನೈಟ್ರೋಜನ್: ಉಸಿರು ಕಟ್ಟು, ಮೂಲ.
ಸನ್‌ಸೊ, ಆಕ್ಸಿಜನ್: ಹುಳಿ, ಮೂಲ.

ಇದನ್ನು ಬರೆದ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತಿದ್ದೆ. ಹುಳಿ-ಮೂಲ. ಆಮ್ಲ-ಜನಕ. ನೀರು-ಮೂಲ. ಜಲ-ಜನಕ. ಒಂಬತ್ತು ವರ್ಷ ದಿನಕ್ಕೆ ಹತ್ತು ಸಲ ಈ ಶಬ್ದ ಟೈಪು ಮಾಡಿದ್ದೇನೆ. ಒಂದು ದಿನವೂ ಹೊಳೀಲಿಲ್ಲ. ನಾನು ಸನ್‌ಸೊ ಕಲಿತದ್ದು ‘ಆಕ್ಸಿಜನ್’ ಮೂಲಕ, ಆಮ್ಲಜನಕ ಕಲಿತದ್ದೂ ‘ಆಕ್ಸಿಜನ್’ ಮೂಲಕ. ಎರಡು ಮನೆಯ ನಡುವೆ ಅದೊಂದು ಗೋಡೆ. ಅದರಾಚೆ ಇವರಿಬ್ಬರೂ ಅಣ್ಣತಮ್ಮಂದಿರು ಅಂತ ಯಾರೂ ಹೇಳಲಿಲ್ಲ.

ಕುಮಟೆಯ ಹಳೇ ಮಾಸ್ತರ:

ನನ್ನ ಊಹೆಯೂ ಅದೇ ಆಗಿತ್ತು. ಮೂಲಕಥೆ ಇಷ್ಟು. ಫ್ರಾನ್ಸಿನ ಲವಾಸಿಯೇ, ಎಲ್ಲ ಆಮ್ಲಗಳಿಗೂ ಈ ಅನಿಲವೇ ಕಾರಣ ಎಂದು ನಂಬಿ, ಗ್ರೀಕಿನ ‘ಹುಳಿ’ ಮತ್ತು ‘ಹುಟ್ಟಿಸು’ ಸೇರಿಸಿ ಹೆಸರಿಟ್ಟ. ಜರ್ಮನರು ಅದನ್ನು ತಮ್ಮ ಭಾಷೆಗೆ ‘ಹುಳಿವಸ್ತು’ ಎಂದು ತಿರುಗಿಸಿಕೊಂಡರು, ಡಚ್ಚರೂ ಹಾಗೇ. ಕನ್ನಡದವರು ಆಮ್ಲಜನಕ ಎಂದೆವು. ನಿಮ್ಮ ಜಪಾನಿನವರೂ ಅದೇ ಹಾದಿ ಹಿಡಿದಿದ್ದಾರೆ. ತಮಾಷೆಯೆಂದರೆ ಲವಾಸಿಯೇನ ನಂಬಿಕೆ ತಪ್ಪು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ. 1810ರಲ್ಲಿ ಇಂಗ್ಲೆಂಡಿನ ಡೇವಿ ಅದನ್ನು ತೋರಿಸಿದ. ಅಷ್ಟರಲ್ಲಿ ಹೆಸರು ನಿಂತುಹೋಗಿತ್ತು. ಒಂದು ತಪ್ಪು ಇಷ್ಟು ಭಾಷೆಗಳಲ್ಲಿ ಇಷ್ಟು ನಿಷ್ಠೆಯಿಂದ ಅನುವಾದವಾದದ್ದು ನಾನು ಬೇರೆ ಕಂಡಿಲ್ಲ.

ಕಾರ್ಬನ್ನಿಗೆ ನಮ್ಮ ಪುಸ್ತಕದ ಹೆಸರು ಇಂಗಾಲ. ಸಂಸ್ಕೃತದ ಅಂಗಾರ, ಅಂದರೆ ಕೆಂಡ, ಇದ್ದಿಲು. ಅಲ್ಲಿಯೂ ಹೊಂದಿತು. ಹೊಂದದೇ ಇರುವುದು ನೈಟ್ರೋಜನ್. ನಾವು ಸಾರಜನಕ ಎನ್ನುತ್ತೇವೆ, ತೋಟದವನ ಕಿವಿಗೆ ಅದು ಗೊಬ್ಬರದ ಸಾರ. ಅವರಿಗೆ ಅದೇ ಅನಿಲ ಉಸಿರು ಕಟ್ಟಿಸುವಂಥದ್ದು. ಹೊಂದದ್ದನ್ನೂ ಮಕ್ಕಳಿಗೆ ತೋರಿಸಿ. ನನ್ನ ಅನುಭವದಲ್ಲಿ ಜಗಳವಾಡಿದ ಶಬ್ದ ಬೇಗ ಮರೆಯುವುದಿಲ್ಲ.

ನಿಮ್ಮ ಅಂಕೋಲೆ ಹುಡುಗ ಚುರುಕಾಗಿರಬಹುದು. ಆದರೆ ಅವನಿಗೆ ಇನ್ನೊಂದು ಅನುಕೂಲವಿದೆ. ಎಂಟನೇ ಇಯತ್ತೆಯಲ್ಲೇ ಅವನು ತನ್ನದಲ್ಲದ ಭಾಷೆಯ ತುಂಡುಗಳನ್ನು ಜೋಡಿಸಿ ಮಾಡಿದ ಉದ್ದುದ್ದ ಶಬ್ದಗಳನ್ನು ಒಡೆದು ನುಂಗಲು ಕಲಿತಿದ್ದಾನೆ. ನಮಗೆ ಸಂಸ್ಕೃತ ಹೇಗೋ ಜಪಾನಿನವರಿಗೆ ಚೀನಾದ ಅಕ್ಷರ ಹಾಗೆ ಎಂದು ಕಾಣುತ್ತದೆ. ತಪ್ಪಿದ್ದರೆ ತಿದ್ದಿ.

ಶಿರಸಿ ಮಾಣಿ, ಈಗ ಜಪಾನು:

ತಪ್ಪಿಲ್ಲ ಮಾಸ್ತರೇ. ನಾನು ಇಲ್ಲಿ ಸಸ್ಯರೋಗದ ಪ್ರಯೋಗಾಲಯದಲ್ಲಿ ಆರನೇ ವರ್ಷ.

ಆ ಶಬ್ದಗಳನ್ನು ಕಟ್ಟಿದವರು ಯಾರು ಅಂತ ಗೊತ್ತಿದ್ದರೆ ಮಕ್ಕಳಿಗೆ ಹೇಳಲಿಕ್ಕೆ ಚಂದ. ಉದಗಾವ ಯೋಆನ್ ಅಂತ ಒಬ್ಬ ವಿದ್ವಾಂಸ. ಡಚ್ ಭಾಷೆಯಿಂದ ರಸಾಯನಶಾಸ್ತ್ರ ಅನುವಾದಿಸಿ 1837ರಿಂದ ಕಂತು ಕಂತಾಗಿ ಅಚ್ಚು ಹಾಕಿಸಿದ. ಸನ್‌ಸೊ, ಸುಯ್‌ಸೊ, ತನ್‌ಸೊ, ಚಿಸ್ಸೊ ಎಲ್ಲ ಅವನ ಕೈಯದ್ದು. ಮಾಸ್ತರು ಹೇಳಿದ ಡಚ್ಚರ ‘ಹುಳಿವಸ್ತು’ ಅವನ ಕಣ್ಣೆದುರಿಗೇ ಇತ್ತು. ಡಚ್ಚರು ನೈಟ್ರೋಜನ್ನಿಗೆ ‘ಉಸಿರು ಕಟ್ಟಿಸುವ ವಸ್ತು’ ಅಂತಾರೆ, ಚಿಸ್ಸೊ ಬಂದದ್ದು ಅಲ್ಲಿಂದ. ಅವನು ದತ್ತು ಹೋದ ಮನೆಯ ಅಪ್ಪ, ಉದಗಾವ ಗೆನ್‌ಶಿನ್, ವೈದ್ಯ. ಆತ 1805ರ ಪುಸ್ತಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಚೀನಾದಲ್ಲಿ ಇಲ್ಲದ ಅಕ್ಷರವನ್ನೇ ಹುಟ್ಟಿಸಿದ. ನಮ್ಮ ‘ಗ್ರಂಥಿ’ಗೆ ‘ಸೆನ್’: ಎಡಕ್ಕೆ ಮಾಂಸದ ಚಿಹ್ನೆ, ಬಲಕ್ಕೆ ಒರತೆ. ಮಾಂಸದೊಳಗಿನ ಒರತೆ! ನಮಗೆ ಅದು ಗಂಟು, ಅವರಿಗೆ ಒರತೆ. ನನಗಂತೂ ಅವರದ್ದೇ ಸರಿ ಅನ್ನಿಸ್ತು.

ಅಕ್ಕೋರೆ, ‘ಎಲ್ಲಿಂದ ಶುರು’ ಅಂದ್ರಲ್ಲ. ನನ್ನ ಕೇಳಿದರೆ ಕಸದ ಡಬ್ಬಿಯಿಂದ. ಬಂದ ಮೊದಲ ದಿನ ಇಲ್ಲಿ ಯಾರೂ ಆಕ್ಸಿಜನ್ ಕೇಳೂದಿಲ್ಲ. ಕೈಯಲ್ಲಿ ಕಸ ಹಿಡ್ಕೊಂಡು ಎರಡು ಡಬ್ಬಿ ಎದುರು ನಿಂತಿರ್ತೀರಿ. ‘ಕನೆನ್’ ಸುಡಬಹುದಾದದ್ದು, ‘ಫುನೆನ್’ ಸುಡಲಾಗದ್ದು. ಆಮೇಲೆ ‘ಹೈಎಕಿ’, ಚೆಲ್ಲುವ ದ್ರಾವಣ. ಅದನ್ನು ತೊಟ್ಟಿಗೆ ಸುರಿದರೆ ಮಾನ ಹೋಗ್ತು. ಕಪಾಟಿನ ಮೇಲೆ ಕೆಂಪು ಪಟ್ಟಿ, ಬಿಳಿ ಅಕ್ಷರ ಇದ್ದರೆ ‘ದೊಕುಬುತ್ಸು’, ವಿಷ. ಬಿಳಿ ಪಟ್ಟಿ, ಕೆಂಪು ಅಕ್ಷರ ಇದ್ದರೆ ‘ಗೆಕಿಬುತ್ಸು’, ವಿಷಕ್ಕಿಂತ ಒಂದು ಮೆಟ್ಟಿಲು ಕೆಳಗೆ. ‘ಕಕಿ ಗೆನ್‌ಕಿನ್’ ಅಂದರೆ ಬೆಂಕಿ ಕಡ್ಡಾಯವಾಗಿ ಬೇಡ. ಇಷ್ಟರಲ್ಲೇ ಬೆಂಕಿ, ಸುಡು, ದ್ರವ, ವಸ್ತು, ವಿಷ, ‘ಅಲ್ಲ’, ‘ಆಗಬಹುದು’ ಬಂದವಲ್ಲ. ಇದೇ ಏಳೆಂಟು ತುಂಡು ಮುಂದೆ ನೂರು ಕಡೆ ಬರ್ತವೆ.

ಮನೆಯ ಮಾಲು ಬಳಸಿ ಅಂತಲೂ ಹೇಳ್ತೆ. ನಮ್ಮದು ಅಡಿಕೆ ತೋಟ. ಮಳೆಗಾಲ ಶುರುವಾಗ್ತಿದ್ದ ಹಾಗೆ ಕೊಳೆರೋಗಕ್ಕೆ ಬೋರ್ಡೋ ಹೊಡೀಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅಪ್ಪಯ್ಯ ಕಲಸೂದು, ಕೊನೆಗೌಡ ಮರ ಹತ್ತೂದು, ನಾನು ಪೈಪು ಹಿಡಿಯೂದು. ಇಲ್ಲಿ ಬಂದ ವರ್ಷ ಕಪಾಟಿನಲ್ಲಿ ‘ರ್ಯೂಸನ್‌ದೋ’ ಅಂತ ಬಾಟ್ಲಿ. ಗಂಧಕ, ಹುಳಿ, ತಾಮ್ರ. ಒಳಗೆ ನೋಡಿದರೆ ನಮ್ಮನೆ ನೀಲಿ ಹರಳು! ಸುಣ್ಣಕ್ಕೆ ‘ಸೆಕ್ಕೈ’, ಕಲ್ಲಿನ ಬೂದಿ. ಎರಡೂ ಕೂಡಿಸಿದರೆ ‘ಬೊರುದೋ-ಎಕಿ’. ಎಕಿ ಅಂದರೆ ಅದೇ ದ್ರಾವಣ, ಹೈಎಕಿಯಲ್ಲಿ ಇದ್ದದ್ದು. ಆ ಮೂರು ಶಬ್ದ ನಾನು ಉರು ಹೊಡೆದದ್ದೇ ಇಲ್ಲ, ಇವತ್ತಿಗೂ ಮರೆತಿಲ್ಲೆ.

ಒಂದು ಎಚ್ಚರಿಕೆ. ಕಣ್ಣಿಗೆ ಕಾಂಜಿ ದೀಪ, ಕಿವಿಗೆ ಕತ್ತಲೆ. ನಿಮ್ಮ ಹುಡುಗಿಯ ‘ಸನ್‌ಕ’ ಕಥೆ ಕೇಳಿ ನಗು ಬರಲಿಲ್ಲ, ನನ್ನದೂ ಅದೇ. ಒಮ್ಮೆ ಪ್ರೊಫೆಸರ್ “ತೈಶೋ ಯಾವುದು?” ಅಂದರು. ನಾನು ರೋಗ ಹಿಡಿದ ಗಿಡಗಳ ಸಾಲು ತೋರಿಸಿದೆ. ಅವರು ಕೇಳಿದ್ದು ಹೋಲಿಕೆಗೆ ಬಿಟ್ಟ ರೋಗವಿಲ್ಲದ ಸಾಲು. ಅಧ್ಯಯನದ ವಸ್ತು ‘ತೈಶೋ’, ಹೋಲಿಕೆಯ ಗುಂಪು ‘ತೈಶೋ’, ಎರಡು ಬದಿ ಸಮ ಇರೂದೂ ‘ತೈಶೋ’. ಮೂರಕ್ಕೂ ಕಾಂಜಿ ಬೇರೆ ಬೇರೆ, ಸದ್ದು ಒಂದೇ. ಜಪಾನಿಗಳಿಗೇ ಈ ತೊಂದರೆ ಉಂಟು. ವಿಜ್ಞಾನವೂ ‘ಕಗಕು’, ರಸಾಯನವೂ ‘ಕಗಕು’. ಗೊಂದಲ ಆದಾಗ ರಸಾಯನಕ್ಕೆ ‘ಬಕೆಗಕು’ ಅಂತಾರೆ, ವೇಷ ಬದಲಿಸುವ ವಿದ್ಯೆ ಅಂದ ಹಾಗೆ. ಹಾಗಾಗಿ ಪ್ರತಿ ಶಬ್ದವನ್ನು ಒಂದು ವಾಕ್ಯದೊಳಗೆ ಕೂರಿಸಿ ಕಿವಿಗೆ ಹಾಕಿ, ಬಿಡಿಯಾಗಿ ಬೇಡ.

ಸದ್ದಿಗೂ ಒಂದು ಹಿಡಿ ಉಂಟು. ‘ಸುತ್ತಿಕೊಳ್ಳು’ ಅನ್ನುವ ಅಕ್ಷರಕ್ಕೆ ‘ಹೋ’ ಅಂತ ಓದು. ಅದರ ಪಕ್ಕ ನೀರು ಹಾಕಿದರೂ ಹೋ: ‘ಕಿಹೋ’, ಗಾಳಿಗುಳ್ಳೆ. ಅನ್ನದ ಚಿಹ್ನೆ ಹಾಕಿದರೂ ಹೋ: ‘ಹೋವ’, ದ್ರಾವಣ ತುಂಬಿ ಇನ್ನು ಕರಗದ ಸ್ಥಿತಿ. ಮಾಂಸದ ಚಿಹ್ನೆ ಹಾಕಿದರೂ ಹೋ, ಆದರೆ ‘ಸೈಬೋ’ದಲ್ಲಿ ಅದು ‘ಬೋ’ ಆಗ್ತು. ಸೈಬೋ ಅಂದರೆ ಜೀವಕೋಶ, ಅಕ್ಷರಶಃ ಸಣ್ಣ ಚೀಲ.

ಕುಮಟೆಯ ಹಳೇ ಮಾಸ್ತರ:

ಹೋ ಎಂಬುದು ಬೋ ಆಗುವುದೇ? ನಮ್ಮಲ್ಲಿ ಮಳೆ, ಕಾಲ ಸೇರಿದರೆ ಮಳೆಗಾಲ. ಕಣ್, ಪನಿ ಸೇರಿದರೆ ಕಂಬನಿ. ಆದೇಶ ಸಂಧಿ. ಅಲ್ಲಿಯೂ ಇದೆಯೆಂದರೆ ಬಹಳ ಸಂತೋಷ.

ಶಿರಸಿ ಮಾಣಿ, ಈಗ ಜಪಾನು:

ಬಹಳ ಉಂಟು ಮಾಸ್ತರೇ. ‘ತೆ’ ಅಂದರೆ ಕೈ, ‘ಕಮಿ’ ಅಂದರೆ ಕಾಗದ, ಸೇರಿದರೆ ‘ತೆಗಮಿ’, ಪತ್ರ. ಯಾವಾಗ ಆಗ್ತು, ಯಾವಾಗ ಆಗೂದಿಲ್ಲ ಅನ್ನೂದಕ್ಕೆ ಮಾತ್ರ ನಮ್ಮಷ್ಟು ಶಿಸ್ತು ಇಲ್ಲೆ.

ದಾಂಡೇಲಿ ಇಂಜಿನಿಯರ್:

ಕ್ಷಮಿಸಿ ಮೇಡಂ, ಸ್ವಲ್ಪ ಕಹಿ ಮಾತು. ಇದೆಲ್ಲ ಕೇಳಲಿಕ್ಕೆ ಚಂದ. ಆದರೆ ಇವತ್ತಿನ ಹುಡುಗರಲ್ಲಿ ದ್ಯುತಿಸಂಶ್ಲೇಷಣೆ ಅಂದರೆ ಯಾರಿಗೆ ಗೊತ್ತು? ನನ್ನ ಮಗನಿಗೆ ಹೇಳಿದರೆ ದೇವಸ್ಥಾನದ ಮಂತ್ರವಾ ಅಂತ ಕೇಳ್ತಾನೆ. ಗೊತ್ತಿಲ್ಲದ ಜಪಾನಿ ಕಲಿಸಲಿಕ್ಕೆ ಗೊತ್ತಿಲ್ಲದ ಕನ್ನಡ ತಂದರೆ ಹೊರೆ ಎರಡಾಯ್ತು. ನಿಮ್ಮ ಮೂವರಲ್ಲಿ ಒಬ್ಬನಿಗೆ ಉಪಯೋಗ. ಉಳಿದಿಬ್ಬರು ಎಂತ ಮಾಡಬೇಕು?

ಇನ್ನೊಂದು. ಜಪಾನಿ ವಿಜ್ಞಾನ ಎಲ್ಲ ಕಾಂಜಿಯಲ್ಲಿಲ್ಲ. ನಾನು ಯಂತ್ರ ತರಿಸಲಿಕ್ಕೆ ಅವರ ಜೊತೆ ಕೆಲಸ ಮಾಡಿದವ. ಸೋಡಿಯಂಗೆ ‘ನತೊರಿಯುಮು’, ಪೊಟ್ಯಾಸಿಯಂಗೆ ‘ಕರಿಯುಮು’, ಎನರ್ಜಿಗೆ ‘ಎನೆರುಗೀ’. ಎಲ್ಲ ಜರ್ಮನ್ ಕಡೆಯಿಂದ ಬಂದದ್ದು.

ಕೋಡಿಬಾಗದ ಅಕ್ಕೋರು:

ಕಹಿ ಅಲ್ಲ, ಸರಿಯಾದ ಪ್ರಶ್ನೆಯೇ. ಕೊಂಕಣಿ ಹುಡುಗಿಗೆ ಆಮ್ಲಜನಕ ಅಂದರೆ ಮುಖ ಮುಖ ನೋಡ್ತಾಳೆ, ನಿಜ. ಅವಳ ಜೊತೆ ಇವತ್ತು ಬೇರೆ ಮಾಡಿ ನೋಡಿದೆ. ‘ಆಕ್ಸಿಜನ್’ ಅನ್ನೂದನ್ನೇ ಒಡೆದೆ, ಮಾಸ್ತರು ಹೇಳಿದ ಹಾಗೆ ಗ್ರೀಕಿನ ಹುಳಿ, ಗ್ರೀಕಿನ ಹುಟ್ಟಿಸು. ಇಷ್ಟು ವರ್ಷ ಇಂಗ್ಲಿಷಿನಲ್ಲೇ ಓದಿದವಳಿಗೆ ಅದೂ ಗೊತ್ತಿರಲಿಲ್ಲ! ಅವಳಿಗೆ ಆ ಶಬ್ದ ಒಡೆಯದ ತೆಂಗಿನಕಾಯಿ ಹಾಗಿತ್ತು. ಆಮೇಲೆ ‘ಸನ್’ ಅಕ್ಷರದ ರೂಪ ತೋರಿಸಿದೆ. ಎಡಭಾಗದಲ್ಲಿರೂದು ಹೆಂಡದ ಗಡಿಗೆ. ಸಾಕೆ, ವಿನೆಗರ್, ಹುದುಗು, ಅಮಲು, ಎಲ್ಲದರಲ್ಲೂ ಅದೇ ಗಡಿಗೆ. ಅಂಕೋಲೆಯವ, “ಶೇಂದಿ ಇಟ್ಟರೆ ಹುಳಿ ಬರೂದೇ ಅಲ್ದಾ” ಅಂದ. ಅವಳು, “ಆಂಬಟ್” ಅಂದಳು, ಕೊಂಕಣಿಯಲ್ಲಿ ಹುಳಿ. ಅಷ್ಟೇ ಸಾಕಾಯ್ತು.

ಹೊರೆ ಎರಡಾಗೂದು ಕನ್ನಡದ ಶಬ್ದವನ್ನೂ ಉರು ಹೊಡೆಸಿದರೆ. ಗೊತ್ತಿದ್ದವನಿಗೆ ಅದು ಏಣಿ, ಗೊತ್ತಿಲ್ಲದವರಿಗೆ ಬೇರೆ ಏಣಿ. ಕತಕನಾ ವಿಷಯ ಒಪ್ಪಿದೆ. ನತೊರಿಯುಮು, ಕರಿಯುಮು ನಾಳೆಯೇ ಹಲಗೆಗೆ ಏರ್ತವೆ.

ಹೊನ್ನಾವರದ ನರ್ಸ್:

ಅಕ್ಕೋರೆ ನಮಸ್ಕಾರ. ನಾನು ಜಪಾನಿನ ಒಂದು ವೃದ್ಧರ ಆರೈಕೆ ಮನೆಯಲ್ಲಿದ್ದೇನೆ, ಎರಡನೇ ವರ್ಷ. ರಾತ್ರಿ ಪಾಳಿ, ಚಿಕ್ಕದಾಗಿ ಬರೀತೇನೆ.

ನಮ್ಮ ಕಡೆ ಶಬ್ದ ಹೀಗೆ. ‘ಕೋಕೆತ್ಸುಆತ್ಸು’: ಎತ್ತರ, ರಕ್ತ, ಒತ್ತಡ. ನಮ್ಮ ಅಧಿಕ ರಕ್ತದೊತ್ತಡ, ಒಂದಕ್ಷರ ಆಚೆ ಈಚೆ ಇಲ್ಲ. ‘ತೋನ್ಯೋಬ್ಯೋ’: ಸಕ್ಕರೆ, ಮೂತ್ರ, ರೋಗ. ಮಧುಮೇಹ. ‘ಹೈಎನ್’: ಶ್ವಾಸಕೋಶಕ್ಕೆ ಬೆಂಕಿ, ನ್ಯುಮೋನಿಯ. ‘ಎನ್’ ಎಲ್ಲಿ ಕಂಡರೂ ಉರಿಯೂತ; ಉರಿ ಅನ್ನೂದು ನಮ್ಮ ಶಬ್ದದಲ್ಲೂ ಉಂಟು. ಹೊಟ್ಟೆಗೆ ಹಾಕಿದರೆ ‘ಇಎನ್’, ಯಕೃತ್ತಿಗೆ ಹಾಕಿದರೆ ‘ಕನ್‌ಎನ್’. ಒಂದು ಕಲಿತರೆ ಹತ್ತು ಬಂತು.

ಆದರೆ ಹುಷಾರು. ಒಂದೇ ವಸ್ತುವಿಗೆ ಎರಡು ಶಬ್ದ. ಹಾಸಿಗೆ ಹುಣ್ಣಿಗೆ ದಾಖಲೆ ಪುಸ್ತಕದಲ್ಲಿ ‘ಜೊಕುಸೋ’. ಅಜ್ಜಿಯ ಹತ್ರ ಮಾತಾಡುವಾಗ ‘ತೊಕೊಝುರೆ’, ಹಾಸಿಗೆ ತಿಕ್ಕಿ ಆದದ್ದು. ನಾನು ಪರೀಕ್ಷೆಗೆ ಓದಿದ್ದು ಜೊಕುಸೋ. ಮೊದಲ ವಾರ ಅಜ್ಜಿಗೆ “ನಿಮಗೆ ಜೊಕುಸೋ ಆಗಿದೆ” ಅಂದೆ. ಅವರು ಹೆದರಿ ಮಗನಿಗೆ ಫೋನು ಮಾಡಿಸಿದರು, ಎಂತದೋ ದೊಡ್ಡ ರೋಗ ಅಂತ. ನಮ್ಮೂರಲ್ಲೂ ಡಾಕ್ಟರು ಮಧುಮೇಹ ಅಂತ ಬೋರ್ಡು ಹಾಕ್ತಾರೆ, ಅಮ್ಮ ಸಕ್ಕರೆ ಕಾಯಿಲೆ ಅಂತಾಳೆ. ಎರಡನ್ನೂ ಒಟ್ಟಿಗೇ ಕಲಿಸಿ. ಒಂದು ಕಾಗದದ್ದು, ಒಂದು ಬಾಯಿಯದ್ದು.

ಕೋಡಿಬಾಗದ ಅಕ್ಕೋರು (ಮೂರು ವಾರದ ಮೇಲೆ):

ಎಲ್ಲರಿಗೂ ವರದಿ ಒಪ್ಪಿಸಬೇಕಲ್ಲ.

ನಾನೂರರ ಪಟ್ಟಿ ಹರಿದು ಹಾಕಿದೆ. ಈಗ ವಾರಕ್ಕೆ ಎಂಟು ತುಂಡು, ಅವುಗಳಿಂದ ಆಗುವ ಶಬ್ದ ಎಷ್ಟಾದರೂ. ಮೊದಲ ವಾರ ಕಸದ ಡಬ್ಬಿ. ನಮ್ಮ ಮಾಳಿಗೆಯ ಎರಡು ಬಕೆಟ್ಟಿಗೆ ಕನೆನ್, ಫುನೆನ್ ಅಂತ ಚೀಟಿ ಅಂಟಿಸಿದೆ. ಅಮ್ಮ ಬಾಳೆಎಲೆಯನ್ನು ಫುನೆನ್ನಿಗೆ ಹಾಕಿದ್ದಕ್ಕೆ ಅಂಕೋಲೆಯವ ತಿದ್ದಿದ.

ಎರಡನೇ ವಾರ ಮಲ್ಲಾಪುರದವನದ್ದು. ಅವನು ಅಲ್ಲಿಯವರೆಗೆ ಬಾಯಿ ಬಿಡದೆ ಮೂಲೆಯಲ್ಲಿ ಕೂತಿರ್ತಿದ್ದ, ರಸಾಯನ ಅವನ ವಿಷಯವಲ್ಲ. ಕೈಗಾ ಶಬ್ದ ತೆಗೆದೆ ನೋಡಿ. ‘ಜೂಸುಯ್’: ಭಾರ, ನೀರು. “ಭಾರಜಲ!” ಅಂತ ಕೂಗಿದ, ಅಪ್ಪ ಸ್ಥಾವರದಲ್ಲೇ ಕೆಲಸ, ಆ ಶಬ್ದ ಅವರ ಮನೆಯ ಊಟದ ಹೊತ್ತಿನದ್ದು. ‘ಹನ್‌ಗೆನ್‌ಕಿ’: ಅರ್ಧ, ಕಡಿಮೆಯಾಗು, ಅವಧಿ. ಅರ್ಧಾಯು. ‘ಗೆನ್‌ಶಿರೊ’ ಅಂದರೆ ರಿಯಾಕ್ಟರ್, ಕೊನೆಯ ‘ರೊ’ ಬರೀ ಒಲೆ; ಅಕ್ಷರದೊಳಗೆ ಬೆಂಕಿ ಕೂತಿದೆ. ಪರಮಾಣುವಿನ ನಡುವಿನದ್ದಕ್ಕೆ ‘ಕಕು’, ಅದರ ಹಳೆಯ ಅರ್ಥ ಹಣ್ಣಿನೊಳಗಿನ ಗಟ್ಟಿ ಬೀಜ, ಮಾವಿನ ಗೊರಟಿನ ಹಾಗೆ. ನಾವೂ ಬೈಜಿಕ ಶಕ್ತಿ ಅಂತೇವೆ, ಬೀಜದಿಂದಲೇ. ಇದನ್ನು ಓದಿ ಹೇಳಿದವಳು ನಾನು, ಆದರೆ ರೋಮಾಂಚನ ಆದದ್ದೂ ನನಗೇ.

‘ಶಿ’ ಅಂದರೆ ಮಗು. ಗೆನ್‌ಶಿ ಪರಮಾಣು, ದೆನ್‌ಶಿ ಎಲೆಕ್ಟ್ರಾನ್, ಯೋಶಿ ಪ್ರೋಟಾನ್. ಅಣುಲೋಕದ ಸಣ್ಣದೆಲ್ಲ ‘ಮಗು’. ಇದೇ ಅಕ್ಷರ ಹೆಣ್ಣುಮಕ್ಕಳ ಹೆಸರಿನಲ್ಲಿ ‘ಕೊ’. ಪ್ರೋಟಾನ್ ಬರೆಯುವ ಎರಡು ಅಕ್ಷರವನ್ನು ಇನ್ನೊಂದು ರೀತಿ ಓದಿದರೆ ‘ಯೋಕೊ’, ಜಪಾನಿನಲ್ಲಿ ಸಾಮಾನ್ಯ ಹೆಸರು. ಕಡಲ ಹುಡುಗಿಗೆ ಜಪಾನಿನಲ್ಲಿ ಒಬ್ಬಳು ಯೋಕೊ ಪತ್ರದ ಗೆಳತಿ ಇದ್ದಾಳಂತೆ, ಆ ರಾತ್ರಿಯೇ ಅವಳಿಗೆ “ನೀನು ಪ್ರೋಟಾನ್” ಅಂತ ಕಳಿಸಿದಳಂತೆ.

ಎಲ್ಲ ಸುಲಭ ಆಯ್ತು ಅಂತಲ್ಲ. ಆಕ್ಸಿಡೇಶನ್ನಿನ ‘ಸನ್‌ಕ’ ಬಂದಾಗ ಕನ್ನಡ ಕೈಕೊಟ್ಟಿತು. ಅಲ್ಲಿ ‘ಹುಳಿಯಾಗು’ ಅಂತ ಆಮ್ಲಜನಕ ಎದುರಿಗೇ ಇದೆ, ನಮ್ಮ ಪುಸ್ತಕದ ‘ಉತ್ಕರ್ಷಣ’ದಲ್ಲಿ ಅದರ ವಾಸನೆಯೂ ಇಲ್ಲ. ಅಂಕೋಲೆಯವ ಉತ್ಕರ್ಷಣ ಯಾವುದು, ಅಪಕರ್ಷಣ ಯಾವುದು ಅಂತ ಕನ್ನಡದಲ್ಲೇ ಮೊದಲಿಂದ ತಡವರಿಸ್ತಿದ್ದನಂತೆ. ಈಗ ಉಲ್ಟಾ, ಜಪಾನಿಯಿಂದ ಕನ್ನಡ ನೆನಪಿಟ್ಟುಕೊಂಡಿದ್ದಾನೆ. ಕಿವಿಯ ಪಾಠ ಇನ್ನೂ ಕುಂಟ್ತಾ ಇದೆ. ದಿನಾ ಹತ್ತು ನಿಮಿಷ ಹಲಗೆಗೆ ಬೆನ್ನು ಮಾಡಿ ಕೂರಿಸಿ ವಾಕ್ಯ ಓದ್ತೇನೆ. ಮೂರು ‘ತೈಶೋ’ದಲ್ಲಿ ಯಾವುದು ಅಂತ ಬೆರಳು ಎತ್ತಬೇಕು. ಕಡಲ ಹುಡುಗಿ ಹತ್ತಕ್ಕೆ ಆರು, ಉಳಿದವರು ನಾಲ್ಕು.

ಮಾಸ್ತರೇ, ನಿಮಗೊಂದು ಕೆಲಸ. ನಿನ್ನೆ ಹೈಡ್ರೋಕ್ಲೋರಿಕ್ ಆಮ್ಲ ಬಂತು, ‘ಎನ್‌ಸನ್’: ಉಪ್ಪು, ಹುಳಿ. ಮಲ್ಲಾಪುರದವ ಕೈ ಎತ್ತಿದ. “ಅಕ್ಕೋರೆ, ಸನ್‌ಸೊದ ‘ಸನ್’ ಇಲ್ಲೂ ಇದೆ. ಹಾಗಾದರೆ ಇದರಲ್ಲಿ ಆಕ್ಸಿಜನ್ ಎಲ್ಲಿ?” ನೀವು ಹೇಳಿದ ಡೇವಿಯ ಕಥೆ ಹೇಳಿದೆ, ಆದರೆ ಆ ಪ್ರಯೋಗ ಹೇಗೆ ಮಾಡಿದ ಅಂತ ಕೇಳಿದಾಗ ನನಗೆ ಬರಲಿಲ್ಲ. ಸೋಮವಾರ ಹೇಳ್ತೇನೆ ಅಂದಿದ್ದೇನೆ.

ಕುಮಟೆಯ ಹಳೇ ಮಾಸ್ತರ:

ಡೇವಿ ಕ್ಲೋರಿನ್ ಅನಿಲದೊಳಗೆ ಇದ್ದಿಲನ್ನು ಕೆಂಪಗೆ ಕಾಯಿಸಿದ. ಅದರಲ್ಲಿ ಆಕ್ಸಿಜನ್ ಅಡಗಿದ್ದರೆ ಇದ್ದಿಲಿನೊಂದಿಗೆ ಸೇರಿ ಇಂಗಾಲದ ಆಕ್ಸೈಡ್ ಆಗಿ ಹೊರಬರಬೇಕಿತ್ತು. ಬರಲಿಲ್ಲ. ಅಂದ ಮೇಲೆ ಕ್ಲೋರಿನ್ನೇ ಒಂದು ಮೂಲವಸ್ತು; ಹೈಡ್ರೋಜನ್ ಜೊತೆ ಅದು ಸೇರಿದರೆ ಆ ಆಮ್ಲ, ನಡುವೆ ಮೂರನೆಯವರಿಲ್ಲ. ಹಲಗೆಯ ಮೇಲೆ ನಿಮ್ಮ ಅಕ್ಷರಗಳಲ್ಲೇ ಬರೆದು ತೋರಿಸಿ. ಇದ್ದಿಲಿಗೆ ತನ್‌ಸೊದ ‘ತನ್’ ಸಾಕಲ್ಲವೇ? ಕ್ಲೋರಿನ್ನಿಗೆ ಏನೆನ್ನುತ್ತಾರೆ?

ಕೋಡಿಬಾಗದ ಅಕ್ಕೋರು:

‘ಎನ್‌ಸೊ’ ಮಾಸ್ತರೇ. ಉಪ್ಪು, ಮೂಲ.